ಮೊದಲು ಕಲ್ಲು ವಾಪಸ್ ಬರಲಿ

ಕಳೆದ ತಿಂಗಳು ಒಬ್ಬರು "ಮಂಗಳ ಗ್ರಹ ಯಾಕೆ ಕೆಂಪು?" ಅಂತ ಕೇಳಿದ್ದರು. ಕಬ್ಬಿಣ, ತುಕ್ಕು, ಧೂಳು ಅಂತೆಲ್ಲ ಉತ್ತರ ಬರೆದು ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ: "ಅಲ್ಲಿಗೆ ಮನುಷ್ಯರನ್ನು ಕಳಿಸುವ ದುಡ್ಡಿನಲ್ಲಿ ಹತ್ತು ರೋವರ್ ಕಳಿಸಬಹುದು." ರೋವರ್ ಅಂದರೆ ಇಲ್ಲಿಂದ ಹೋಗುವ ಆಜ್ಞೆಯಂತೆ ಅಲ್ಲಿನ ನೆಲದ ಮೇಲೆ ಓಡಾಡುವ ಯಂತ್ರದ ಗಾಡಿ. ತುಕ್ಕಿನ ಬಗ್ಗೆ ಒಬ್ಬರೂ ಬರೆದಿಲ್ಲ. ಆ ಒಂದು ಸಾಲಿಗೆ ಮಾತ್ರ ರಾಶಿ ಪತ್ರ ಬಂದಿವೆ. ಕೆಲವರು ಭೇಷ್ ಅಂದಿದ್ದಾರೆ, ಜಾಸ್ತಿ ಜನ ಬೈದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಸಿಡಿಲಿನ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಮೇಡಂ, ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವರು ನೀವು. ಯಂತ್ರ ಎಷ್ಟಾದರೂ ಯಂತ್ರ. ಮನುಷ್ಯನ ಕಣ್ಣು, ಕೈ, ಬುದ್ಧಿಗೆ ಹತ್ತು ರೋವರ್ ಸಮವಲ್ಲ. ನಿಮ್ಮ ಮಾತು ವಾಪಸ್ ತೆಗೆದುಕೊಳ್ಳಿ. (ಒಬ್ಬ ನಿವೃತ್ತ ಎಂಜಿನಿಯರ್)

ಅರ್ಧ ವಾಪಸ್ ತೆಗೆದುಕೊಂಡೆ ಅಂದುಕೊಳ್ಳಿ. ಯಾವ ಅರ್ಧ ಅಂತ ಹೇಳುವ ಮೊದಲು ಒಂದು ಆಟದ ಕಥೆ.

ಕೆಲಸದಲ್ಲಿದ್ದಾಗ, ವರ್ಷದ ಕೊನೆಯ ಪ್ರಾಕ್ಟಿಕಲ್ ಮುಗಿದ ದಿನ ಲ್ಯಾಬ್‌ನಲ್ಲಿ ಮಕ್ಕಳಿಗೆ 'ಡಬ್ಬ ಆಟ' ಆಡಿಸುತ್ತಿದ್ದೆ. ಒಬ್ಬರ ತಲೆಗೆ ರಟ್ಟಿನ ಡಬ್ಬ. ಮುಂದೆ ಹೆಬ್ಬೆರಳು ತೂರುವಷ್ಟು ಒಂದು ತೂತು. ಅವರೇ ರೋವರ್. ಉಳಿದವರೆಲ್ಲ ಪಕ್ಕದ ಕೋಣೆಯಲ್ಲಿ, ಅದು ಭೂಮಿ. ಭೂಮಿಯವರು ಆಜ್ಞೆಯನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡಬೇಕು. ನಾನು ಸ್ಟಾಪ್‌ವಾಚ್ ಹಿಡಿದು ಹತ್ತು ನಿಮಿಷ ಬಾಗಿಲಲ್ಲಿ ನಿಂತು, ಆಮೇಲೆ ರೋವರಿಗೆ ಓದಿ ಹೇಳುವುದು. ರೋವರ್ ಕೊಟ್ಟ ಉತ್ತರವೂ ಹತ್ತು ನಿಮಿಷ ತಡವಾಗಿಯೇ ವಾಪಸ್ ಹೋಗುವುದು. ಚೀಟಿಯಲ್ಲಿ ಇದ್ದಷ್ಟೇ ಮಾಡಬೇಕು, ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು. ಗುರಿ ಏನಪ್ಪಾ ಅಂದರೆ, ನಾಲ್ಕು ಮೀಟರ್ ಆಚೆ ಬೆಂಚಿನ ಕೆಳಗೆ ಬಿದ್ದಿರುವ ಸೀಮೆಸುಣ್ಣದ ತುಂಡು ಎತ್ತುವುದು.

ಹತ್ತು ನಿಮಿಷ ಅನ್ನುವುದು ನನ್ನ ಕಿತಾಪತಿ ಅಲ್ಲ. ಮಂಗಳ ನಮಗೆ ಹತ್ತಿರ ಬಂದಾಗ ಐದೂವರೆ ಕೋಟಿ ಕಿಲೋಮೀಟರ್, ದೂರ ಹೋದಾಗ 40 ಕೋಟಿ. ರೇಡಿಯೊ ಸಂದೇಶ ಬೆಳಕಿನ ವೇಗದಲ್ಲೇ ಹೋದರೂ ಒಂದು ಕಡೆಗೆ 3ರಿಂದ 22 ನಿಮಿಷ ಬೇಕು. ನಾನು ನಡುವಿನದೊಂದು ಲೆಕ್ಕ ಹಿಡಿದಿದ್ದೆ, ಅಷ್ಟೆ.

ಮೂರು ಗಂಟೆಯಲ್ಲಿ ಒಂಬತ್ತು ಚೀಟಿ ಹೋಗಿ ಬರುತ್ತಿದ್ದವು. ಅಷ್ಟು ವರ್ಷಗಳಲ್ಲಿ ಸೀಮೆಸುಣ್ಣ ಎತ್ತಿದ ತಂಡಗಳು ಎರಡೋ ಮೂರೋ. ಒಂದು ಸಲ ಒಬ್ಬ ಹುಡುಗ ಡಬ್ಬ ತೆಗೆದವನೇ ಬಗ್ಗಿ ಚಪ್ಪಲಿ ಕೆಳಗಿಂದ ಏನೋ ಎತ್ತಿದ. ಶರ್ಟಿನ ಗುಂಡಿ. "ಒಂದು ಗಂಟೆಯಿಂದ ಒತ್ತುತ್ತಾ ಇತ್ತು ಮೇಡಂ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ" ಅಂದ.

ಆ ಗುಂಡಿ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಯಾಕೆಂದರೆ ಚಂದ್ರನ ಮೇಲೂ ಹೀಗೇ, ಯಾರೂ ಕೇಳದೇ ಇದ್ದದ್ದೊಂದು ಕಾಲಡಿ ಸಿಕ್ಕಿದೆ. 1972ರ ಡಿಸೆಂಬರ್, ಚಂದ್ರನಿಗೆ ಮನುಷ್ಯರನ್ನು ಕರೆದೊಯ್ದ ಅಮೆರಿಕದ ಅಪೊಲೊ 17 ಯಾನ. ಹ್ಯಾರಿಸನ್ ಶ್ಮಿಟ್ ಅನ್ನುವ ಭೂವಿಜ್ಞಾನಿ ಶಾರ್ಟಿ ಅನ್ನುವ ಕುಳಿಯ ಅಂಚಿನಲ್ಲಿ ನಡೆಯುತ್ತಿದ್ದಾಗ ಬೂಟಿಗೆ ಧೂಳು ಕೆದರಿ, ಅಡಿಯಲ್ಲಿ ಕಿತ್ತಳೆ ಬಣ್ಣದ ಮಣ್ಣು ಕಂಡಿತು. ಎಲ್ಲ ಕಡೆ ಬೂದು, ಅಲ್ಲೊಂದೇ ಕಡೆ ಕಿತ್ತಳೆ. ಕೂಡಲೇ ಅಗೆದು ತುಂಬಿಕೊಂಡರು. ಅದು 350 ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿಯಿಂದ ಚಿಮ್ಮಿದ ಗಾಜಿನ ಸಣ್ಣ ಸಣ್ಣ ಮಣಿಗಳು. 2008ರಲ್ಲಿ, ಅಪೊಲೊ ತಂದ ಅಂಥ ಮಣಿಗಳ ಒಳಗೇ ನೀರಿನ ಕುರುಹು ಸಿಕ್ಕಿತು. ಆ ಮಣ್ಣಿನ ಬಗ್ಗೆ ಮೊದಲೇ ಚೀಟಿ ಬರೆದು ಕಳಿಸಿದವರು ಯಾರೂ ಇರಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಅದೇ ಅಪೊಲೊ 17ರಲ್ಲಿ ಇಬ್ಬರು ಮೂರು ದಿನ ತಮ್ಮ ಗಾಡಿ ಓಡಿಸಿ ಸುಮಾರು 35 ಕಿಲೋಮೀಟರ್ ಸುತ್ತಿದರು. ಮಂಗಳದ ಮೇಲೆ 2004ರ ಜನವರಿಯಲ್ಲಿ ಇಳಿದ ಆಪರ್ಚುನಿಟಿ ರೋವರ್ ಅಷ್ಟು ದೂರ ದಾಟಿದ್ದು 2013ರ ಮೇ ತಿಂಗಳಲ್ಲಿ. ಮೂರು ದಿನಕ್ಕೆ ಒಂಬತ್ತು ವರ್ಷ! ಆ ರೋವರನ್ನು ನಡೆಸಿದ ತಂಡದ ವಿಜ್ಞಾನಿಗಳ ಮುಖ್ಯಸ್ಥ ಸ್ಟೀವ್ ಸ್ಕ್ವೈರ್ಸ್ ಅವರೇ ಒಪ್ಪಿಕೊಂಡಿದ್ದಾರೆ. ರೋವರ್ ಇಡೀ ದಿನ ಮಾಡುವ ಕೆಲಸವನ್ನು ಅಲ್ಲಿ ನಿಂತ ಮನುಷ್ಯ ಒಂದು ನಿಮಿಷದೊಳಗೆ ಮುಗಿಸಬಲ್ಲ ಅಂತ. ಹೆತ್ತವರೇ ಹೇಳಿದ ಮೇಲೆ ನಾನ್ಯಾರು ಇಲ್ಲ ಅನ್ನುವುದಕ್ಕೆ?

ಇನ್‌ಸೈಟ್ ಅನ್ನುವ ನೌಕೆಯ ಪಾಡನ್ನಂತೂ ನೋಡಬೇಕಿತ್ತು. 2018ರ ನವೆಂಬರಿನಲ್ಲಿ ಮಂಗಳದ ಮೇಲೆ ಇಳಿಯಿತು. ಅದರಲ್ಲೊಂದು ಮೊಳೆಯಂಥ ಸಾಧನ ಇತ್ತು. ತನ್ನನ್ನು ತಾನೇ ಕುಟ್ಟಿಕೊಂಡು ಐದು ಮೀಟರ್ ಆಳಕ್ಕೆ ಇಳಿದು ಗ್ರಹದ ಒಳಗಿನ ಬಿಸಿ ಅಳೆಯಬೇಕು. ಅಲ್ಲಿನ ಮಣ್ಣು ಹಿಡಿತವನ್ನೇ ಕೊಡಲಿಲ್ಲ. ಕುಟ್ಟಿದರೆ ಕುಟ್ಟಿದ ಜಾಗದಲ್ಲೇ ಪುಟಿಯಿತು. ಯಂತ್ರದ ಕೈಯಿಂದ ಪಕ್ಕಕ್ಕೆ ಒತ್ತಿದರು, ಮೇಲಿಂದ ತಳ್ಳಿದರು, ಮಣ್ಣು ಎಳೆದು ಮುಚ್ಚಿದರು. ಸುಮಾರು ಎರಡು ವರ್ಷ. ಕೊನೆಗೆ ಅದರ ತಲೆ ಮಣ್ಣಿನೊಳಗೆ ಮುಳುಗಿತು, ಅಷ್ಟೆ. 2021ರ ಜನವರಿಯಲ್ಲಿ ಕೈಬಿಟ್ಟರು. ಅಲ್ಲಿ ಒಬ್ಬರು ಗುದ್ದಲಿ ಹಿಡಿದು ನಿಂತಿದ್ದರೆ ಅನ್ನಿಸದೇ ಇರುತ್ತದಾ?

ಆದರೆ ಮನುಷ್ಯ ಹೋದರೆ ಕಣ್ಣು, ಕೈ ಜೊತೆ ಕಾಲೂ ಹೋಗುತ್ತದೆ ಅನ್ನುವುದು ನೆನಪಿರಲಿ. ಬಿಸಿ ಅಳೆಯುವ ಇದೇ ಕೆಲಸಕ್ಕೆ ಅಪೊಲೊ 15ರಲ್ಲಿ ಡೇವ್ ಸ್ಕಾಟ್ ಚಂದ್ರನ ನೆಲ ಕೊರೆಯಲು ಹೋದರೆ ಡ್ರಿಲ್ ಅರ್ಧದಲ್ಲೇ ಸಿಕ್ಕಿಕೊಂಡಿತು. ಅಪೊಲೊ 16ರಲ್ಲಿ ಜಾನ್ ಯಂಗ್ ಅವರ ಕಾಲಿಗೆ ಅದೇ ಸಾಧನದ ತಂತಿ ತೊಡರಿ ಕಿತ್ತೇ ಹೋಯಿತು. ಪಾಪ, ದಪ್ಪ ಉಡುಪಿನೊಳಗಿಂದ ಅವರಿಗೆ ಪಾದ ಕಾಣುತ್ತಿರಲಿಲ್ಲ. ಪ್ರಯೋಗ ಅಲ್ಲಿಗೇ ಮುಗಿಯಿತು.

ಒಟ್ಟಿನಲ್ಲಿ ಕೆಲಸದ ಮಟ್ಟಿಗೆ ಒಬ್ಬ ಮನುಷ್ಯನಿಗೆ ಹತ್ತು ರೋವರ್ ಸಮವಲ್ಲ ಅನ್ನುವ ನಿಮ್ಮ ಮಾತು ಸರಿ. ಆ ಅರ್ಧ ವಾಪಸ್. ದುಡ್ಡಿನ ಅರ್ಧ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಲ್ಲೂ ನಾನು ತಪ್ಪು ಹೇಳಿದ್ದೇನೆ, ಆದರೆ ನೀವು ಅಂದುಕೊಂಡ ದಿಕ್ಕಿನಲ್ಲಲ್ಲ. ಮುಂದಿನ ಉತ್ತರ ಓದಿ.

ಪ್ರಶ್ನೆ: ರೋವರ್ ಹೋಗುವ ದಾರಿಯಲ್ಲೇ ಮನುಷ್ಯನೂ ಹೋಗುತ್ತಾನೆ. ಒಂದು ಸೀಟು ಜಾಸ್ತಿ ಹಾಕಿದರೆ ಖರ್ಚು ಅಷ್ಟು ಹೇಗೆ ಏರುತ್ತದೆ? (ಬಿ.ಕಾಂ. ವಿದ್ಯಾರ್ಥಿ)

ಲೆಕ್ಕದವರಲ್ವಾ, ಲೆಕ್ಕದಲ್ಲೇ ಹೇಳುತ್ತೇನೆ.

ರೋವರ್ ಊಟ ಕೇಳುವುದಿಲ್ಲ. ಉಸಿರಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮನೆಗೆ ವಾಪಸ್ ಕರೆದುಕೊಂಡು ಹೋಗಿ ಅಂತ ಹಟ ಹಿಡಿಯುವುದಿಲ್ಲ. ಖರ್ಚೆಲ್ಲ ಇರುವುದು ಈ ಕೊನೆಯದರಲ್ಲಿ.

ಮಂಗಳಕ್ಕೆ ಹೋಗಲು ಆರರಿಂದ ಒಂಬತ್ತು ತಿಂಗಳು. ಹೋದ ಕೂಡಲೇ ತಿರುಗಿ ಹೊರಡುವ ಹಾಗಿಲ್ಲ. ಎರಡೂ ಗ್ರಹ ಸರಿಯಾದ ಜಾಗಕ್ಕೆ ಬರುವುದು 26 ತಿಂಗಳಿಗೊಮ್ಮೆ, ಅಲ್ಲಿಯವರೆಗೆ ಅಲ್ಲೇ ಕಾಯಬೇಕು. ಒಟ್ಟು ಪ್ರವಾಸ ಎರಡೂವರೆಯಿಂದ ಮೂರು ವರ್ಷ. ಸಾವಿರ ದಿನ ಅಂತಿಟ್ಟುಕೊಳ್ಳಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರಿಗೆ ದಿನಕ್ಕೆ ಪೊಟ್ಟಣ ಸೇರಿ ಸುಮಾರು 1.8 ಕಿಲೋ ಆಹಾರ. ನಾಲ್ಕು ಜನಕ್ಕೆ ಸಾವಿರ ದಿನಕ್ಕೆ ಏಳು ಟನ್ನಿಗೂ ಜಾಸ್ತಿ. ಆಮ್ಲಜನಕ ಒಬ್ಬರಿಗೆ ದಿನಕ್ಕೆ 840 ಗ್ರಾಂ, ಅದು ಇನ್ನೊಂದು ಮೂರೂಕಾಲು ಟನ್ ದಾಟಿತು. ನೀರನ್ನು ಶುದ್ಧ ಮಾಡಿ ಮಾಡಿ ಮತ್ತೆ ಬಳಸಬಹುದು, ನಿಲ್ದಾಣದಲ್ಲಿ ಈಗ 98% ವಾಪಸ್ ಪಡೆಯುತ್ತಾರೆ. ಆದರೆ ಆ ಯಂತ್ರ ಕೆಟ್ಟರೆ ಬಿಡಿಭಾಗ ಭೂಮಿಯಿಂದ ಬರುವುದಿಲ್ಲ. ಅದನ್ನೂ ಹೊತ್ತೇ ಹೋಗಬೇಕು.

ಈಗ ಇಳಿಸುವುದು. ಮಂಗಳದ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಭಾಗವೂ ಇಲ್ಲ. ಸುಟ್ಟುಹಾಕುವಷ್ಟು ಗಾಳಿ ಇದೆ, ಪ್ಯಾರಾಚೂಟ್ ಒಂದನ್ನೇ ನಂಬಿ ಇಳಿಯುವಷ್ಟು ಇಲ್ಲ. ಇವತ್ತಿನವರೆಗೆ ಅಲ್ಲಿ ಸುರಕ್ಷಿತವಾಗಿ ಇಳಿಸಿದ ಅತಿ ಭಾರದ ವಸ್ತು ಪರ್ಸಿವರೆನ್ಸ್ ರೋವರ್, 2021ರಲ್ಲಿ. ತೂಕ ಒಂದು ಟನ್ ಚಿಲ್ಲರೆ. ಮನುಷ್ಯರು ಇಳಿಯಬೇಕಾದರೆ ಒಂದೇ ಏಟಿಗೆ ಇಪ್ಪತ್ತು ಟನ್ ಆಸುಪಾಸು ಇಳಿಸಬೇಕು.

ಆಮೇಲೆ ಏಳುವುದು. ಮಂಗಳದಿಂದ ಇದುವರೆಗೆ ಒಂದೇ ಒಂದು ರಾಕೆಟ್ ಮೇಲೆದ್ದಿಲ್ಲ. ಇಂಜೆನ್ಯುಯಿಟಿ ಅನ್ನುವ ಪುಟ್ಟ ಹೆಲಿಕಾಪ್ಟರ್ 72 ಸಲ ಹಾರಿದ್ದು ನಿಜ, ಆದರೆ ಅದು ಹತ್ತಿಪ್ಪತ್ತು ಮೀಟರ್ ಎದ್ದು ಮತ್ತೆ ಮಂಗಳದ ನೆಲದ ಮೇಲೇ ಕೂರುತ್ತಿತ್ತು. ಚಂದ್ರನನ್ನು ಬಿಟ್ಟು ಬರಲು ಸೆಕೆಂಡಿಗೆ 2.4 ಕಿಲೋಮೀಟರ್ ವೇಗ ಸಾಕು. ಮಂಗಳಕ್ಕೆ 5 ಬೇಕು. ಅಷ್ಟು ಇಂಧನ ಇಲ್ಲಿಂದಲೇ ಒಯ್ಯಬೇಕು, ಇಲ್ಲಾ ಅಲ್ಲೇ ತಯಾರಿಸಬೇಕು. ಅಲ್ಲಿನ ಗಾಳಿಯಿಂದ ಆಮ್ಲಜನಕ ತೆಗೆಯುವ ಪೆಟ್ಟಿಗೆಯೊಂದು ಪರ್ಸಿವರೆನ್ಸ್‌ನಲ್ಲಿತ್ತು, ಮಾಕ್ಸಿ ಅಂತ. ಚೆನ್ನಾಗಿಯೇ ಕೆಲಸ ಮಾಡಿತು. 16 ಸಲ ಓಡಿಸಿ ಒಟ್ಟು 122 ಗ್ರಾಂ ತೆಗೆದರು. ಒಬ್ಬರು ಮೂರೂವರೆ ಗಂಟೆ ಉಸಿರಾಡಬಹುದು.

ವಿಕಿರಣದ್ದು ಬೇರೆ. ಕ್ಯೂರಿಯಾಸಿಟಿ ರೋವರ್ ದಾರಿಯಲ್ಲಿ ಅಳೆದುಕೊಂಡು ಹೋದ ಪ್ರಕಾರ ಹೋಗಿ ಬರುವ ಪ್ರಯಾಣಕ್ಕೇ ಸುಮಾರು 660 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ ಅದು). ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟಿರುವ ಮಿತಿ 600. ಅಲ್ಲಿ ಕಾಯುತ್ತಾ ಕೂತ ದಿನಗಳು ಇದರಲ್ಲಿ ಸೇರಿಲ್ಲ.

ಇದೆಲ್ಲಕ್ಕೂ ಎಷ್ಟು? 1989ರಲ್ಲಿ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಚಂದ್ರ, ಮಂಗಳ ಎರಡಕ್ಕೂ ಜನರನ್ನು ಕಳಿಸುತ್ತೇವೆ ಅಂದರು. ನಾಸಾ ಮೂರು ತಿಂಗಳು ಕೂತು ಯೋಜನೆ ಮಾಡಿತು. ಹೊರಗೆ ಬಂದ ಅಂದಾಜು ಇಪ್ಪತ್ತು ಮೂವತ್ತು ವರ್ಷಕ್ಕೆ 50,000 ಕೋಟಿ ಡಾಲರ್. ಸಂಸತ್ತು ಕೈ ಮುಗಿದು ಬಿಟ್ಟಿತು. ಪರ್ಸಿವರೆನ್ಸ್‌ಗೆ ಆಗಿದ್ದು ಸುಮಾರು 270 ಕೋಟಿ ಡಾಲರ್. ಭಾಗಿಸಿ ನೋಡಿ. ಹತ್ತು ರೋವರ್ ಅಂದಿದ್ದು ನನ್ನ ತಪ್ಪು. ನೂರೆಂಬತ್ತು. ಅದೂ ಆ ಕಾಲದ ಡಾಲರಿನಲ್ಲಿ. ಈಗ ಖಾಸಗಿ ರಾಕೆಟ್‌ಗಳು ಬಂದಿವೆ, ಮೇಲೆ ಕಳಿಸುವ ಖರ್ಚು ಇಳಿದಿದೆ, ಇನ್ನೂ ಇಳಿಯಬಹುದು. ಆದರೆ ರಾಕೆಟ್ ಅಗ್ಗವಾದ ಮಾತ್ರಕ್ಕೆ ಮನುಷ್ಯನ ಮೂಳೆ, ಉಸಿರು, ಹೊಟ್ಟೆ ಅಗ್ಗವಾಗುವುದಿಲ್ಲ.

ಪ್ರಶ್ನೆ: ಜಗತ್ತಿನಲ್ಲಿ ಮಕ್ಕಳು ಹಸಿದು ಮಲಗುತ್ತಿರುವಾಗ ಮಂಗಳಕ್ಕೆ ರೋವರೂ ಬೇಡ, ಮನುಷ್ಯನೂ ಬೇಡ. ನಿಮ್ಮ ವಾದದಲ್ಲೇ ಹುರುಳಿಲ್ಲ. (ಹೆಸರು ಬೇಡ ಅಂದವರು)

ಈ ಜಗಳ ಹಳೆಯದು. 1969ರ ಜುಲೈ 15, ಅಪೊಲೊ 11 ಹಾರುವ ಹಿಂದಿನ ದಿನ. ಪಾದ್ರಿ, ಹೋರಾಟಗಾರ ರಾಲ್ಫ್ ಅಬರ್ನೆತಿ ಅವರು ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆ ಕಟ್ಟಿದ ಗಾಡಿಗಳ ಜೊತೆ ಉಡಾವಣಾ ಕೇಂದ್ರದ ಬಾಗಿಲಿಗೆ ಬಂದರು. ಒಂದು ಕಡೆ ಚಂದ್ರನಿಗೆ ಹೊರಟ ರಾಕೆಟ್, ಇನ್ನೊಂದು ಕಡೆ ಹೇಸರಗತ್ತೆ ಗಾಡಿ. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಒಳಗೆ ಕೂರಲಿಲ್ಲ, ಹೊರಗೆ ಬಂದು ನಿಂತು ಕೇಳಿದರು. ನಾಳೆ ಗುಂಡಿ ಒತ್ತದೇ ಇದ್ದರೆ ಬಡತನ ಹೋಗುತ್ತದೆ ಅಂತಾದರೆ ನಾವು ಒತ್ತುವುದಿಲ್ಲ ಅಂದರು. ಒಂದಷ್ಟು ಕುಟುಂಬಗಳಿಗೆ ಉಡಾವಣೆ ನೋಡಲು ಜಾಗ ಕೊಡಿಸಿದರು. ಗಗನಯಾತ್ರಿಗಳಿಗಾಗಿ ಪ್ರಾರ್ಥಿಸಿ ಅಂತಲೂ ಕೇಳಿಕೊಂಡರು. ಅಬರ್ನೆತಿ ಒಪ್ಪಿದರು. ಇಬ್ಬರ ಮೇಲೂ ನನಗೆ ಗೌರವ ಇದೆ.

ಪೇನ್ ಹೇಳಿದ್ದು ನಿಜವೂ ಹೌದು. ಮರುವರ್ಷ ಅಪೊಲೊ 18, 19, 20 ರದ್ದಾದವು. ಅದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ನಾಸಾದ ಇವತ್ತಿನ ಬಜೆಟ್ ವರ್ಷಕ್ಕೆ ಸುಮಾರು 2,500 ಕೋಟಿ ಡಾಲರ್, ಅಮೆರಿಕ ಸರ್ಕಾರದ ಖರ್ಚಿನಲ್ಲಿ ಅರ್ಧ ಪರ್ಸೆಂಟೂ ಇಲ್ಲ. 2024ರಲ್ಲಿ ಜಗತ್ತೆಲ್ಲ ಸೇರಿ ಸೈನ್ಯಕ್ಕೆ ಸುರಿದದ್ದು 2.7 ಲಕ್ಷ ಕೋಟಿ ಡಾಲರ್.

ಆದರೂ "ಯುದ್ಧಕ್ಕಿಂತ ಅಗ್ಗ" ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಯುದ್ಧದ ಪಕ್ಕ ಇಟ್ಟರೆ ಯಾವುದು ದುಬಾರಿ ಕಾಣುತ್ತದೆ ಹೇಳಿ? ಮಂಗಳಕ್ಕೆ ಮನುಷ್ಯ ಹೊರಟರೆ ಮೊದಲ ಕತ್ತರಿ ಬೀಳುವುದು ಸೈನ್ಯಕ್ಕಲ್ಲ, ಪಕ್ಕದ ಮೇಜಿನಲ್ಲಿರುವ ವಿಜ್ಞಾನಕ್ಕೆ. ಗುರುವಿನ ಚಂದ್ರರಿಗೆ ಹೋಗಬೇಕಿದ್ದ ನೌಕೆ, ಭೂಮಿಯನ್ನೇ ನೋಡಬೇಕಿದ್ದ ಉಪಗ್ರಹ, ಹೊಸ ದೂರದರ್ಶಕ. ಇವೆಲ್ಲ ಅದೇ 2,500 ಕೋಟಿಯಲ್ಲೇ ಪಾಲು ಕೇಳುವವರು. ನನ್ನ ತಕರಾರು ಇರುವುದು ಇಲ್ಲಿ.

ಪ್ರಶ್ನೆ: ಟೆಫ್ಲಾನ್, ವೆಲ್ಕ್ರೋ ಎಲ್ಲ ಗಗನಯಾನದಿಂದ ಬಂದಿದ್ದು. ಹಾಗಾದರೆ ಖರ್ಚು ವಾಪಸ್ ಬಂದ ಹಾಗಲ್ವಾ? (ಹತ್ತನೇ ತರಗತಿ)

ಇಲ್ಲ ಪುಟ್ಟಾ. ಟೆಫ್ಲಾನ್ ಸಿಕ್ಕಿದ್ದು 1938ರಲ್ಲಿ, ನಾಸಾ ಹುಟ್ಟಿದ್ದು 1958ರಲ್ಲಿ. ವೆಲ್ಕ್ರೋ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಅವರದು, ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿ ನೋಡಿ ಹೊಳೆದದ್ದು. ನಿಜವಾಗಿ ಬಂದದ್ದೂ ಇದೆ. ನಿಮ್ಮ ಮನೆಯ ಫೋನಿನ ಕ್ಯಾಮೆರಾದೊಳಗೆ ಬೆಳಕನ್ನು ಚಿತ್ರ ಮಾಡುವ ಸೀಮಾಸ್ ಸೆನ್ಸರ್ 1990ರ ದಶಕದಲ್ಲಿ ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಅವರ ತಂಡ ಬೆಳೆಸಿದ್ದು. ಆದರೆ ಅದು ಬೇಕಾಗಿದ್ದು ನೌಕೆಗಳಿಗೆ ಚಿಕ್ಕ, ಹಗುರ ಕ್ಯಾಮೆರಾ ಬೇಕು ಅಂತ. ಮನುಷ್ಯ ಹೋಗಲಿಲ್ಲ, ಸೆನ್ಸರ್ ಬಂತು.

ಪ್ರಶ್ನೆ: ಬರೀ ಮಂಗಳ ಮಂಗಳ ಅನ್ನುತ್ತೀರಿ. ಶುಕ್ರ ಇನ್ನೂ ಹತ್ತಿರ ಅಲ್ವಾ?

ಹತ್ತಿರ. ನೆಲದ ಮೇಲೆ 460 ಡಿಗ್ರಿ ಬಿಸಿ, ನಮ್ಮ ತೊಂಬತ್ತು ಪಟ್ಟು ಒತ್ತಡ. 1982ರಲ್ಲಿ ಸೋವಿಯತ್ ನೌಕೆ ವೆನೆರಾ 13 ಅಲ್ಲಿ 127 ನಿಮಿಷ ಬದುಕಿದ್ದೇ ದೊಡ್ಡ ಸಾಹಸ. ಗುರು, ಶನಿಗೆ ಕಾಲಿಡಲು ನೆಲವೇ ಇಲ್ಲ. ಮಂಗಳ ಬಿಟ್ಟರೆ ಮಾತಾಡಲು ಬೇರೆ ಗ್ರಹ ಉಳಿಯುವುದಿಲ್ಲ.

ಪ್ರಶ್ನೆ: ಭೂಮಿಗೆ ಏನಾದರೂ ಆದರೆ ಮನುಷ್ಯಕುಲ ಉಳಿಯಲು ಇನ್ನೊಂದು ಮನೆ ಬೇಡವೇ?

ಆ ಮನೆಯಲ್ಲಿ ಉಸಿರಾಡುವ ಗಾಳಿ ಇಲ್ಲ, ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ವಿಷದ ಉಪ್ಪು ಇದೆ. 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದದ್ದು. ಭೂಮಿಗೆ ಉಲ್ಕೆ ಬಡಿದು ಹೊಗೆ ಕವಿದ ಮರುದಿನವೂ ಇಲ್ಲಿ ಉಸಿರಾಡುವುದು ಅಲ್ಲಿಗಿಂತ ಸುಲಭ. ನೂರಿನ್ನೂರು ವರ್ಷದಾಚೆಯ ಮಾತನ್ನು ನೂರಿನ್ನೂರು ವರ್ಷದಾಚೆಯವರು ಆಡಲಿ.

ಪ್ರಶ್ನೆ: ನಾನು ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವ ನರ್ಸ್. ಎಷ್ಟು ತೊಳೆದರೂ ಮನುಷ್ಯನ ಮೈಯಿಂದ ಕ್ರಿಮಿ ಹೋಗುವುದಿಲ್ಲ ಅಂತ ನಮಗೆ ಗೊತ್ತು. ಜೀವ ಇದೆಯಾ ಅಂತ ಹುಡುಕಲು ಮನುಷ್ಯನೇ ಹೋದರೆ ನಮ್ಮ ಕ್ರಿಮಿಯನ್ನೇ ನಾವು ಕಂಡುಹಿಡಿದ ಹಾಗಾಗುವುದಿಲ್ಲವೇ?

ಸಿಸ್ಟರ್, ಈ ರಾಶಿಯಲ್ಲಿ ನನಗೆ ಅತಿ ಇಷ್ಟವಾದ ಪತ್ರ ನಿಮ್ಮದು. ದೊಡ್ಡ ದೊಡ್ಡ ಪತ್ರ ಬರೆದವರ್ಯಾರೂ ಇದನ್ನು ಕೇಳಲಿಲ್ಲ.

1976ರಲ್ಲಿ ಮಂಗಳದ ಮೇಲೆ ಇಳಿದ ಎರಡು ವೈಕಿಂಗ್ ನೌಕೆಗಳನ್ನು ಕಳಿಸುವ ಮೊದಲು ಏನು ಮಾಡಿದ್ದರು ಗೊತ್ತಾ? ಇಡೀ ನೌಕೆಯನ್ನೇ ಮುಚ್ಚಳದೊಳಗೆ ಹಾಕಿ 110 ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಯಿಸಿದ್ದರು. ಉಪಕರಣಗಳ ಕ್ರಿಮಿ ಸಾಯಿಸಲು ಬಿಸಿ ಮಾಡುವ ನಿಮ್ಮ ಆಟೋಕ್ಲೇವ್ ನೆನಪಾಗುತ್ತದೆ, ಅಲ್ವಾ? ಅಷ್ಟು ಮಡಿ. ಬೇರೆ ಗ್ರಹಗಳನ್ನು ಹೊಲಸು ಮಾಡಬಾರದು ಅಂತ 1967ರ ಬಾಹ್ಯಾಕಾಶ ಒಪ್ಪಂದದಲ್ಲೂ ಇದೆ. ಗಗನಯಾತ್ರಿಯನ್ನು ಹಾಗೆ ಬೇಯಿಸಲು ಬರುವುದಿಲ್ಲ. ಅವರ ಹೊಟ್ಟೆಯಲ್ಲಿ, ಚರ್ಮದಲ್ಲಿ ಲಕ್ಷಗಟ್ಟಲೆ ಕೋಟಿ ಸೂಕ್ಷ್ಮಜೀವಿಗಳು. ಉಡುಪು ಎಷ್ಟು ಬಿಗಿಯಾಗಿದ್ದರೂ ಸ್ವಲ್ಪ ಸೋರುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಂದಷ್ಟು ಹೊರಗೆ. ಒಂದು ಸಲ ಬೆರೆತ ಮೇಲೆ ಮಂಗಳದ್ದು ಯಾವುದು, ನಮ್ಮದು ಯಾವುದು ಅನ್ನುವ ಅನುಮಾನ ಹಾಗೇ ಉಳಿದುಬಿಡುತ್ತದೆ.

ಈ ಭಯ ಇವತ್ತು ಮುಂಚಿಗಿಂತ ಜಾಸ್ತಿ ಯಾಕೆಂದರೆ, ನಿಜವಾಗಿಯೂ ಅಲ್ಲೊಂದು ಕಲ್ಲು ಸಿಕ್ಕಿದೆ. 2024ರ ಜುಲೈನಲ್ಲಿ ಪರ್ಸಿವರೆನ್ಸ್ ಒಣಗಿದ ನದಿಪಾತ್ರವೊಂದರಲ್ಲಿ ಚಿರತೆ ಚುಕ್ಕೆಯಂಥ ಗುರುತಿರುವ ಬಂಡೆ ಕೊರೆಯಿತು. ಬಂಡೆಗೆ ಚೆಯಾವಾ ಫಾಲ್ಸ್ ಅಂತ ಹೆಸರಿಟ್ಟಿದ್ದಾರೆ. ಆ ಚುಕ್ಕೆಗಳಲ್ಲಿರುವ ಕಬ್ಬಿಣದ ಖನಿಜಗಳು ನಮ್ಮ ಭೂಮಿಯಲ್ಲಿ ಎಷ್ಟೋ ಕಡೆ ಸೂಕ್ಷ್ಮಜೀವಿಗಳ ಕೆಲಸದಿಂದ ಆಗುವಂಥವು. ಜೀವ ಇಲ್ಲದೆಯೂ ಆಗಬಹುದು. 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಲೇಖನ ಹೇಳುವುದೂ ಇಷ್ಟೇ: ಜೀವದ ಕುರುಹು ಇರಬಹುದು, ಖಚಿತವಾಗಬೇಕಾದರೆ ಕಲ್ಲನ್ನು ಇಲ್ಲಿನ ಲ್ಯಾಬ್‌ಗೆ ತರಬೇಕು.

ಕಲ್ಲಿನ ತುಂಡು ಕೊಳವೆಯಲ್ಲಿ ಭದ್ರವಾಗಿದೆ. ಅಂಥ ಮೂವತ್ತಕ್ಕೂ ಹೆಚ್ಚು ಕೊಳವೆ ತುಂಬಿವೆ. ಪ್ರತಿಯೊಂದರಲ್ಲೂ ಇರುವುದು ಒಂದು ಬೆರಳಿನಷ್ಟು. ಅವನ್ನು ತರಲು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದರೆ 1,100 ಕೋಟಿ ಡಾಲರ್, ಬರುವುದು 2040ಕ್ಕೆ. 2024ರ ಏಪ್ರಿಲ್‌ನಲ್ಲಿ ನಾಸಾದ ಮುಖ್ಯಸ್ಥರೇ ಇದು ಆಗದ ಮಾತು, ಬೇರೆ ದಾರಿ ಹುಡುಕಿ ಅಂದರು. ಚೀನಾ ತನ್ನದೇ ನೌಕೆ 2028ರ ಹೊತ್ತಿಗೆ ಕಳಿಸಿ ಮಣ್ಣು ತರುವ ತಯಾರಿಯಲ್ಲಿದೆ, ಅದು ಬೇರೆ ಜಾಗದ ಮಣ್ಣು.

ಇದು ನನಗೆ ಅರ್ಥವೇ ಆಗುವುದಿಲ್ಲ. ಬೆರಳಿನಷ್ಟು ಕಲ್ಲುಗಳನ್ನು ತರಲು 1,100 ಕೋಟಿ ದುಬಾರಿ ಅನ್ನುವವರು, ನಾಲ್ಕು ಜೀವಂತ ಮನುಷ್ಯರನ್ನು ಕಳಿಸಿ ವಾಪಸ್ ತರುವ ಮಾತನ್ನು ಯಾವ ಧೈರ್ಯದಲ್ಲಿ ಆಡುತ್ತಾರೆ? ಕಲ್ಲು ತರಲೂ ಮಂಗಳದಿಂದ ರಾಕೆಟ್ ಏಳಲೇಬೇಕು. ಆ ರಾಕೆಟ್ ಸಿಡಿದರೆ ಕಲ್ಲು ಹೋಗುತ್ತದೆ, ಬೇಜಾರಾಗುತ್ತದೆ, ಅಷ್ಟೆ. ಕಲ್ಲಿಗೆ ಮನೆಯಲ್ಲಿ ಕಾಯುವವರಿಲ್ಲ. ಮೊದಲು ಅದು ಬರಲಿ. ಅದರಲ್ಲಿ ಏನೂ ಇಲ್ಲ ಅಂತ ಗೊತ್ತಾದರೆ ಕ್ರಿಮಿಯ ಭಯವೂ ಸ್ವಲ್ಪ ಕಡಿಮೆಯಾಗುತ್ತದೆ. ಏನೋ ಇದೆ ಅಂತ ಗೊತ್ತಾದರೆ, ಆಗ ಯಾವ ಸರ್ಕಾರದ ಹತ್ತಿರವೂ ದುಡ್ಡು ಕೇಳುವ ಕಷ್ಟ ಇರುವುದಿಲ್ಲ ನೋಡಿ.

ಮನುಷ್ಯ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. 1969ರಲ್ಲಿ ನನಗೆ ಎಂಟು ವರ್ಷ. ದೊಡ್ಡವರ ಕಾಲುಗಳ ಮಧ್ಯೆ ತೂರಿ ರೇಡಿಯೊಗೆ ಕಿವಿ ಹಚ್ಚಿ ಕೂತವಳು ನಾನು, ಒಂದು ಅಕ್ಷರ ಅರ್ಥವಾಗದಿದ್ದರೂ. ಆಸೆ ಇದೆ, ಅದಕ್ಕೆ ಹೋಗುತ್ತೇವೆ ಅಂತ ನೇರವಾಗಿ ಹೇಳಿದರೆ ಆ ಮಾತಿಗೆ ಬೆಲೆ ಕೊಡುತ್ತೇನೆ. ವಿಜ್ಞಾನಕ್ಕಾಗಿ ಅಂತ ಬಿಲ್ ಬರೆದರೆ ಮಾತ್ರ ಬಿಲ್ ತೋರಿಸಿ ಅನ್ನುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಮಂಗಳಕ್ಕೆ ಹೋಗುತ್ತೇನೆ ಅಂತ ಹಟ. ನಿಮ್ಮ ಸಾಲು ಓದಿ ಅತ್ತುಬಿಟ್ಟಳು. ಏನು ಹೇಳಲಿ? (ಒಬ್ಬ ತಾಯಿ)

ಅಯ್ಯೋ, ಅಳಿಸಿದ್ದಕ್ಕೆ ಕ್ಷಮೆ ಕೇಳಿದೆ ಅಂತ ಹೇಳಿ. ಅವಳಿಗೆ ಮೂವತ್ತೈದು ಆಗುವಷ್ಟರಲ್ಲಿ ಭೂಮಿಯಿಂದ ಮಂಗಳಕ್ಕೆ ಹೊರಡುವ ಮುಹೂರ್ತ ಇನ್ನೂ ಹನ್ನೊಂದು ಸಲ ಬರುತ್ತದೆ. ಅಷ್ಟರಲ್ಲಿ ಕಲ್ಲು ಬಂದಿರುತ್ತದೆ ಅಂತ ನನ್ನ ನಂಬಿಕೆ.

ಸದ್ಯಕ್ಕೆ ಒಂದು ಸ್ಕ್ರೂಡ್ರೈವರ್ ಕೊಡಿಸಿ. ತಮಾಷೆಗೆ ಹೇಳುತ್ತಿಲ್ಲ. 2009ರ ಮೇ ತಿಂಗಳಲ್ಲಿ ಮೈಕ್ ಮಾಸಿಮಿನೊ ಅನ್ನುವ ಗಗನಯಾತ್ರಿ ಭೂಮಿಯನ್ನು ಸುತ್ತುವ ಹಬಲ್ ದೂರದರ್ಶಕ ರಿಪೇರಿಗೆ ಹೋಗಿದ್ದರು. ಒಳಗಿನ ಉಪಕರಣದ ಮುಚ್ಚಳಕ್ಕೆ ನೂರಕ್ಕೂ ಹೆಚ್ಚು ಪುಟ್ಟ ಸ್ಕ್ರೂ. ಅದಕ್ಕೆಲ್ಲ ವರ್ಷಗಟ್ಟಲೆ ತಯಾರಿ ಮಾಡಿದ್ದರು. ಆದರೆ ಅದಕ್ಕೂ ಮೊದಲು ಒಂದು ಹಿಡಿಕೆ ಬಿಚ್ಚಬೇಕಿತ್ತು, ಅದರ ಒಂದು ಸ್ಕ್ರೂವಿನ ತಲೆ ಸವೆದು ಡ್ರೈವರ್ ಸುಮ್ನೆ ತಿರುಗತೊಡಗಿತು. ಇಷ್ಟೆಲ್ಲ ಖರ್ಚು, ಇಷ್ಟೆಲ್ಲ ಓದು, ಸಿಕ್ಕಿಕೊಂಡಿದ್ದು ಒಂದು ಹಿಡಿಕೆಯಲ್ಲಿ. ಕೆಳಗಿನವರು ಅಂಥದ್ದೇ ಇನ್ನೊಂದು ಹಿಡಿಕೆಯ ಮೇಲೆ ಪರೀಕ್ಷೆ ಮಾಡಿ ನೋಡಿ, ಎಳೆದು ಕಿತ್ತುಹಾಕಿ ಅಂದರು. ಅವರು ಕಿತ್ತರು. ಉಪಕರಣ ಸರಿಹೋಯಿತು. ಅವರ ಕಿವಿಗೆ ಕೆಳಗಿನವರ ಮಾತು ತಡವಿಲ್ಲದೆ ಬೀಳುತ್ತಿತ್ತು. ನಿಮ್ಮ ಮಗಳು ಹೋಗುವ ಜಾಗದಲ್ಲಿ ಹಾಗಲ್ಲ, ಕೀಳಬೇಕಾ ಬೇಡವಾ ಅಂತ ಅವಳೇ ನಿರ್ಧರಿಸಬೇಕು.

ಮನೆಯಲ್ಲಿ ರಟ್ಟಿನ ಡಬ್ಬ ಇದ್ದರೆ ಆಟ ಆಡಿಸಿ ನೋಡಿ. ಹತ್ತು ನಿಮಿಷ ಮಕ್ಕಳಿಗೆ ಕಷ್ಟ, ಮೂರು ಸಾಕು. ಡಬ್ಬದೊಳಗೆ ಅವಳಿರಲಿ, ಚೀಟಿ ನೀವು ಬರೆಯಿರಿ. ಎಷ್ಟು ಮೀಟರ್ ಹೋದಳು, ಕಾಲಡಿ ಏನು ಸಿಕ್ಕಿತು ಅಂತ ಅವಳ ಕೈಯಲ್ಲೇ ನನಗೆ ಬರೆಸಿ.